ಇಡೀ ದಿನ ಕಾರು ಓಡಿಸಿದರೂ ಕ್ಯಾರವಾನ್ ಬ್ಯಾಟರಿ ಏಕೆ ತುಂಬುವುದಿಲ್ಲ?

ಕಾರಿನ ಆಲ್ಟರ್ನೇಟರ್ (ಎಂಜಿನ್ ಓಡುವಾಗ ವಿದ್ಯುತ್ ತಯಾರಿಸುವ ಸಾಧನ) ಕೊಡುವ ವೋಲ್ಟೇಜ್, ಕಾರು ಹಿಂದೆ ಎಳೆದೊಯ್ಯುವ ಗಾಲಿಮನೆಯಾದ ಕ್ಯಾರವಾನ್‌ನ ಬ್ಯಾಟರಿಯನ್ನು ಪೂರ್ತಿಯಾಗಿ ಮುಟ್ಟುವುದೇ ಇಲ್ಲ. ಆಸ್ಟ್ರೇಲಿಯಾದ ನಲ್ಲಾರ್ಬರ್ ಬಯಲನ್ನು ದಾಟಿ ಬಂದರೂ ಅಷ್ಟೇ.

12 ವೋಲ್ಟಿನ ಸೀಸ-ಆಮ್ಲ ಬ್ಯಾಟರಿ ತುಂಬಲು ಅದರ ತುದಿಯಲ್ಲಿ ಸುಮಾರು 14.4 ವೋಲ್ಟ್ ಇರಬೇಕು. ಬಾನೆಟ್ಟಿನಿಂದ ಕ್ಯಾರವಾನ್‌ವರೆಗೆ ಎಂಟು ಮೀಟರ್ ತಂತಿ, ಮರಳಲು ಮತ್ತೆ ಎಂಟು. 4 ಚದರ ಮಿಲಿಮೀಟರ್ ದಪ್ಪದ ತಂತಿಯಲ್ಲಿ 20 ಆಂಪಿಯರ್ ಹರಿದರೆ ಒಂದು ವೋಲ್ಟಿಗೂ ಹೆಚ್ಚು ದಾರಿಯಲ್ಲೇ ಶಾಖವಾಗಿ ಸೋರುತ್ತದೆ. ಫ್ರಿಜ್ಜೂ ಅದೇ ತಂತಿಗೆ ಜೋತುಬಿದ್ದಿದ್ದರೆ ಕೇಳುವುದೇ ಬೇಡ! ಹಲವು ಹೊಸ ಕಾರುಗಳಂತೂ ಇಂಧನ ಉಳಿಸಲು ವೋಲ್ಟೇಜನ್ನು ತಾವೇ ತಗ್ಗಿಸುತ್ತವೆ.

ಡಿಸಿ-ಡಿಸಿ ಚಾರ್ಜರ್ ಹಾಕಿಸಿ. ಬಂದಷ್ಟು ವೋಲ್ಟೇಜನ್ನು ಅದು ಬೇಕಾದ ಮಟ್ಟಕ್ಕೆ ಏರಿಸುತ್ತದೆ. ಅದು ಕ್ಯಾರವಾನ್ ಬ್ಯಾಟರಿಯ ಮಗ್ಗುಲಲ್ಲೇ ಇರಲಿ. ತಂತಿ ದಪ್ಪಗಿರಲಿ, ಎರಡೂ ಬ್ಯಾಟರಿಗಳ ಬಳಿ ಫ್ಯೂಸ್ ಇರಲಿ.