ಊರಿಂದ ಬಂದ ಅಪ್ಪ-ಅಮ್ಮನಿಗೆ ಚಾಟ್ಸ್‌ವರ್ತ್ ಹೌಸ್ ತೋರಿಸಬಹುದಾ?

ಊರಿಂದ ಬಂದಿರುವ ಅಪ್ಪ-ಅಮ್ಮನನ್ನು ಇಂಗ್ಲೆಂಡಿನ ಚಾಟ್ಸ್‌ವರ್ತ್‌ಗೆ ಕರೆದುಕೊಂಡು ಹೋದರೆ ಟಿಕೆಟ್ ದುಡ್ಡು ದಂಡ ಆಗಲ್ಲ ತಾನೇ ಅಂತ ಕೇಳಿದ್ದೀರಿ. ಧಾರಾಳವಾಗಿ ಹೋಗಿ. ಆದರೆ ಮನೆಗಿಂತ ತೋಟಕ್ಕೆ ಜಾಸ್ತಿ ಹೊತ್ತು ಇಟ್ಟುಕೊಳ್ಳಿ. ನಾನು ಉಲ್ಟಾ ಮಾಡಿದೆ.

ಶೆಫೀಲ್ಡ್‌ನಿಂದ ಬಸ್ಸಿನಲ್ಲಿ ಹೋಗಿದ್ದೆವು. ಡರ್ಬಿಶೈರ್‌ನ ಗುಡ್ಡಗಳ ಮಧ್ಯೆ, ಡರ್ವೆಂಟ್ ನದಿ ಪಕ್ಕದಲ್ಲಿದೆ. ಡೆವನ್‌ಶೈರ್ ಡ್ಯೂಕ್ ಅನ್ನೋ ಬಿರುದಿನ ಶ್ರೀಮಂತ ಮನೆತನದ್ದು. ಹೆಸರಿಗೆ ಮನೆ, ನಮ್ಮ ಲೆಕ್ಕದಲ್ಲಿ ಅರಮನೆಯೇ. ಚಿನ್ನದ ಚೌಕಟ್ಟು, ಚಿತ್ರ ಬರೆದ ಚಾವಣಿ, ಕೋಣೆ ಆದಮೇಲೆ ಕೋಣೆ, ಅಷ್ಟರಲ್ಲಿ ಅಮ್ಮನಿಗೆ ಮಂಡಿ ನೋವು ಶುರು. ಅಮ್ಮ ನಿಂತು ನೋಡಿದ್ದು ಒಂದೇ: ಸಂಗೀತದ ಕೋಣೆಯಲ್ಲಿ ಒಳಬಾಗಿಲಿಗೆ ನೇತುಹಾಕಿದ ಪಿಟೀಲು. ಅದು ಪಿಟೀಲಲ್ಲ, ಬಾಗಿಲ ಮೇಲೆ ಬರೆದ ಚಿತ್ರ. ಅಮ್ಮ ಕನ್ನಡಕ ಒರೆಸಿ ಹಾಕಿಕೊಂಡು, "ಸುಳ್ಳು ಹೇಳ್ಬೇಡ, ನೆರಳು ಬಿದ್ದಿದೆ ನೋಡು" ಅಂದರು.

ಅಪ್ಪ ರೈತರು. ಅವರಿಗೆ ಜೀವ ಬಂದಿದ್ದು ಹೊರಗೆ, ಎಂಪರರ್ ಫೌಂಟನ್ ಮುಂದೆ. ರಷ್ಯಾದ ಚಕ್ರವರ್ತಿ ಬರುತ್ತಾನೆ ಅಂತ ಆರನೇ ಡ್ಯೂಕ್ 1844ರಲ್ಲಿ ಮಾಡಿಸಿದ ಕಾರಂಜಿ. ಚಕ್ರವರ್ತಿ ಬರಲೇ ಇಲ್ಲ ಅನ್ನೋದು ಬೇರೆ ಮಾತು. ಅದು 296 ಅಡಿ ಚಿಮ್ಮಿದ ದಾಖಲೆ ಇದೆ. ಅಪ್ಪ ಕೇಳಿದ್ದು, "ಎಷ್ಟು ಎಚ್‌ಪಿ ಮೋಟ್ರು?" ಮೋಟ್ರೇ ಇಲ್ಲ! ತೋಟದ ಮೇಲ್ವಿಚಾರಕ ಜೋಸೆಫ್ ಪ್ಯಾಕ್ಸ್‌ಟನ್ ಮೇಲಿನ ಗುಡ್ಡದಲ್ಲಿ ಕೆರೆ ತೋಡಿಸಿ ಪೈಪ್ ಇಳಿಸಿದ, ನೀರು ಇಳಿದು ಬರುವ ರಭಸಕ್ಕೇ ಚಿಮ್ಮುತ್ತದೆ. ಕರೆಂಟೂ ಬೇಡ ಅಂತ ಗೊತ್ತಾದ ಮೇಲೆ ಅಪ್ಪ ಅಲ್ಲಿಂದ ಅಲ್ಲಾಡಲಿಲ್ಲ.

ಅಲ್ಲೇ ಕೂತು ಸೂಪರ್‌ಮಾರ್ಕೆಟ್‌ನಿಂದ ತಂದಿದ್ದ ಬಾಳೆಹಣ್ಣು ತಿಂದೆವು. ಈ ಹಣ್ಣಿಗೆ ಕ್ಯಾವೆಂಡಿಶ್ ಅಂತ ಹೆಸರು ಬಂದಿದ್ದೇ ಈ ಡ್ಯೂಕ್ ಮನೆತನದ ಹೆಸರಿಂದ, 1830ರ ದಶಕದಲ್ಲಿ ಅದೇ ಪ್ಯಾಕ್ಸ್‌ಟನ್ ಇಲ್ಲಿನ ಗಾಜಿನ ಮನೆಯಲ್ಲಿ ಬೆಳೆಸಿದ್ದು ಅಂತ ನಾನು ಸುಮ್ನೆ ಜಂಬ ಕೊಚ್ಚಿದೆ. "ಇದು ನಮ್ಮ ಪಚ್ಚಬಾಳೆ ಕಣೋ, ಇವರದ್ದು ಹೇಗಾಗುತ್ತೆ?" ಅಂದರು ಅಪ್ಪ. ಅವರು ಹೇಳಿದ್ದೂ ಸರಿಯೇ. ಎರಡೂ ಒಂದೇ ಜಾತಿಯವು, ಗಿಡ ಇಂಗ್ಲೆಂಡಿನದ್ದಂತೂ ಅಲ್ಲ.

ಟಿಕೆಟ್ ಜಾಸ್ತಿ ಅನ್ನಿಸಿದರೆ ಹೊರಗಿನ ಪಾರ್ಕಿನಲ್ಲಿ ಓಡಾಡುವುದಕ್ಕೆ ದುಡ್ಡಿಲ್ಲ, ಕಾರ್ ತಂದರೆ ಪಾರ್ಕಿಂಗ್‌ಗೆ ಮಾತ್ರ ಕೊಡಬೇಕು. ತಾನಾಗೇ ಬೆಳೆದ ಹುಲ್ಲುಗಾವಲಿನ ಹಾಗೆ ಕಾಣುತ್ತದೆ, ಆದರೆ 1760ರ ಆಸುಪಾಸಿನಲ್ಲಿ ಕೇಪಬಿಲಿಟಿ ಬ್ರೌನ್ ಅನ್ನುವ ತೋಟ-ಪಾರ್ಕುಗಳ ವಿನ್ಯಾಸಗಾರ ಲೆಕ್ಕ ಹಾಕಿ ಮಾಡಿದ್ದು. ನೋಟಕ್ಕೆ ಅಡ್ಡ ಅಂತ ಎಡೆನ್ಸರ್ ಹಳ್ಳಿಯ ಮನೆಗಳನ್ನೇ ಕೆಡವಿ ಗುಡ್ಡದ ಆಚೆ ಕಟ್ಟಿಸಿದರು. ದೊಡ್ಡವರ ದರ್ಬಾರು ಎಲ್ಲ ಕಡೆ ಒಂದೇ, ಅಲ್ವಾ?

ಚಳಿಗಾಲದಲ್ಲಿ ಮನೆ ಕೆಲವು ವಾರ ಮುಚ್ಚಿರುತ್ತದೆ, ದಿನ ನೋಡಿಕೊಂಡು ಹೋಗಿ. ಅಮ್ಮ ಸೀರೆ ಉಟ್ಟರೂ ಕಾಲಿಗೆ ಶೂ ಹಾಕಿಸಿ, ಹುಲ್ಲಿನ ತುಂಬ ಕುರಿ ಹಿಕ್ಕೆ. ನಾನು ಮೂಗು ಮುಚ್ಚಿಕೊಂಡು ಶೂ ಒರೆಸುತ್ತಿದ್ದರೆ ಅಪ್ಪ ಬಗ್ಗಿ ನೋಡಿ, "ಇಷ್ಟು ಗೊಬ್ಬರ ಸುಮ್ನೆ ಬಿಟ್ಟಿದ್ದಾರಲ್ಲೋ" ಅಂತ ಪೇಚಾಡಿದರು.