ಮಗುವನ್ನು ಕಳೆದುಕೊಂಡ ಮನೆಯಲ್ಲಿ ಭಜನೆ ಏಕೆ? ಅದರಿಂದ ಹೆತ್ತವರಿಗೆ ನಿಜಕ್ಕೂ ಸಮಾಧಾನ ಸಿಗುತ್ತದೆಯೇ?

ಅನೇಕರಿಗೆ ಸಿಗುತ್ತದೆ. ದುಃಖ ಕಳೆಯುತ್ತದೆ ಎಂದಲ್ಲ, ಅದನ್ನು ಹೆತ್ತವರು ಒಬ್ಬಂಟಿಯಾಗಿ ಹೊರಬೇಕಾಗುವುದಿಲ್ಲ ಎಂಬ ಅರ್ಥದಲ್ಲಿ. ಮಗು ಹೋದ ಮೇಲೂ ತಾಯಿಯ ಕೈಗಳಲ್ಲಿ ಉಣಿಸುವ, ತಲೆ ಬಾಚುವ ರೂಢಿ ಉಳಿದಿರುತ್ತದೆ. ದೀಪ ಹಚ್ಚುವುದು, ಕೊಪ್ಪಳದ ಗವಿಮಠದ ದಾಸೋಹದಲ್ಲಿ ಒಂದು ಹೊತ್ತು ಬಡಿಸುವುದು, ಇಂಥ ಸೇವೆಗಳು ಆ ಪ್ರೀತಿಗೆ ಹರಿಯಲು ದಾರಿ ಕೊಡುತ್ತವೆ.

ಈ ಭಾಗದ ಹಳ್ಳಿಗಳಲ್ಲಿ ನೆರೆಯವರು ಹಾರ್ಮೋನಿಯಂ, ದಮ್ಮಡಿ, ತಾಳ ಹಿಡಿದು ತತ್ವಪದ ಹಾಡುವಾಗ ತಾಯಿ ಗೋಡೆಗೆ ಒರಗಿ ಸುಮ್ಮನಿರಬಹುದು, ಪಲ್ಲವಿಗೆ ದನಿಗೂಡಿಸಬಹುದು, ಬಾಯಿಬಿಟ್ಟು ಅಳಬಹುದು. ಹಾಡು ಅವಳಿಗಾಗಿ ನಿಲ್ಲುವುದೂ ಇಲ್ಲ, ಅವಳನ್ನು ಬಿಟ್ಟು ಹೋಗುವುದೂ ಇಲ್ಲ. ಲಿಂಗಾಯತ ತತ್ವವು ಸಾವಿನ ಸೂತಕವನ್ನು, ಎಂದರೆ ಮೈಲಿಗೆಯನ್ನು, ಒಪ್ಪದಿರುವುದೂ ದೊಡ್ಡ ಆಸರೆಯೇ, ಏಕೆಂದರೆ ಅದರ ಪ್ರಕಾರ ದುಃಖದ ಮನೆ ದೂರವಿಡಬೇಕಾದ ಮನೆಯಲ್ಲ.

'ದೇವರು ತನ್ನ ಮಗುವನ್ನು ತಾನೇ ಕರೆದುಕೊಂಡ' ಎಂಬ ಮಾತನ್ನು ಮಾತ್ರ ದಯವಿಟ್ಟು ನಾವಾಗಿ ಹೇಳಬಾರದು. ತಾಯಿಯೇ ಹಾಗೆ ಅಂದುಕೊಂಡರೆ ಅದು ಅವಳ ನೆಮ್ಮದಿ. ಬೇರೆಯವರು ಅಂದರೆ ಅಳು ಸಾಕು ಎಂದಂತೆ ಕೇಳಿಸುತ್ತದೆ. ದೇವರ ಮೇಲೆ ಸಿಟ್ಟು ಬಂದರೆ ಭಕ್ತಿ ಕೆಟ್ಟಿತೆಂದು ಹೆದರಬೇಕಾಗಿಲ್ಲ. ತಿಂಗಳುಗಟ್ಟಲೆ ಅನ್ನ, ನಿದ್ದೆ ಸೇರದಿದ್ದರೆ ಭಜನೆಯ ಜೊತೆಗೆ ಮನೋವೈದ್ಯರನ್ನೂ ಕಾಣಬೇಕು.