ಮೊಟ್ಟೆಯೊಡೆದ ಬೆಟ್ಟಾ ಮೀನಿನ ಮರಿಗಳಿಗೆ ಯಾವ ಆಹಾರ ಕೊಡಬೇಕು, ಅದನ್ನು ಸಿದ್ಧಪಡಿಸುವುದು ಹೇಗೆ?

ಬೆಟ್ಟಾ ಮರಿಗಳು ಮೊದಲ ಎರಡು ಮೂರು ದಿನ ಹೊಟ್ಟೆಗಂಟಿದ ಹಳದಿ ಚೀಲದ ಪೋಷಣೆಯಿಂದಲೇ ಬದುಕುವುದರಿಂದ, ಗಂಡು ಮೀನು ನೀರಿನ ಮೇಲೆ ಗುಳ್ಳೆಗಳಿಂದ ಕಟ್ಟಿದ ನೊರೆಗೂಡಿನ ಕೆಳಗೆ ಬಾಲ ಇಳಿಬಿಟ್ಟು ನೇತಾಡುತ್ತಿರುವವರೆಗೆ ಅವುಗಳಿಗೆ ಏನನ್ನೂ ಹಾಕಬಾರದು. ಅಡ್ಡವಾಗಿ ಈಜತೊಡಗಿದ ಮೇಲೆ ಚಲಿಸುವ ಜೀವಂತ ಆಹಾರವೇ ಬೇಕು. ಹಲವರು ಸೂಚಿಸುವ ಬೇಯಿಸಿದ ಮೊಟ್ಟೆಯ ಹಳದಿ ಹೊಟ್ಟೆ ತುಂಬಿಸುವುದಕ್ಕಿಂತ ನೀರು ಕೆಡಿಸುವುದೇ ಹೆಚ್ಚು. ಮೊದಲ ಕೆಲವು ದಿನಗಳಿಗೆ ಇನ್ಫ್ಯುಸೋರಿಯಾ (ನೀರಿನಲ್ಲಿರುವ ಸೂಕ್ಷ್ಮಜೀವಿಗಳು) ಅಥವಾ ವಿನೆಗರ್‌ನಲ್ಲಿ ಬೆಳೆಯುವ ಎಳೆಯಂಥ ಪುಟ್ಟ ವಿನೆಗರ್ ಹುಳು ಸಾಕು. ಅನಂತರ ಆರ್ಟೀಮಿಯಾ ಎಂಬ ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿಯ ಮರಿಗಳಿಗೆ ಸಾಟಿಯಿಲ್ಲ: ಲೀಟರ್ ನೀರಿಗೆ ಸುಮಾರು 25 ಗ್ರಾಂ ಕಲ್ಲುಪ್ಪು ಕರಗಿಸಿ, 26–28 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಳಕನ್ನೂ ಏರ್ ಪಂಪಿನ ಗಾಳಿಯನ್ನೂ ಒದಗಿಸಿದರೆ, ಅದರ ಮೊಟ್ಟೆಗಳು 24ರಿಂದ 36 ಗಂಟೆಗಳಲ್ಲಿ ಒಡೆಯುತ್ತವೆ. ಗಾಳಿ ನಿಲ್ಲಿಸಿದಾಗ ಖಾಲಿ ಚಿಪ್ಪುಗಳು ಮೇಲೆ ತೇಲುತ್ತವೆ. ತಳದ ಬಳಿ ಟಾರ್ಚ್ ಹಿಡಿದು, ಬೆಳಕಿಗೆ ಮುತ್ತುವ ಕಿತ್ತಳೆ ಬಣ್ಣದ ಮರಿಗಳನ್ನು ಹೀರಿ ತೆಗೆದು, ಸಿಹಿನೀರಿನಲ್ಲಿ ತೊಳೆದು, ದಿನಕ್ಕೆ ಎರಡು ಮೂರು ಬಾರಿ ಸ್ವಲ್ಪ ಸ್ವಲ್ಪವೇ ಕೊಡಬೇಕು.